ಪನಿ

ಮೀಟರು ಓದುವುದು ನನ್ನ ಕೆಲಸ,
ಬೇಳದಿಂದ ಸೀತಾಂಗೋಳಿವರೆಗೆ ಮುನ್ನೂರ ಚಿಲ್ಲರೆ ಮನೆ.
ಗೇಟಿನಾಚೆ ನಿಂತು ಕೂಗುವ ಮೊದಲು
ಯಾವ ಭಾಷೆಯ ಮನೆ ಎಂದು ನೆನೆಯುತ್ತೇನೆ;
ತಪ್ಪಿದರೆ ನಾಯಿಗೂ ತಿಳಿಯುತ್ತದೆ.

ಭಾನುವಾರ ಚಿತ್ರ. ಕಲಿಸಿದವರಿಲ್ಲ.
ಮಲಯಾಳದಲ್ಲಿ ಅದಕ್ಕೆ ಬೇರೆ ಮಾತು, ಇದಕ್ಕೆ ಬೇರೆ;
ಕನ್ನಡದಲ್ಲಿ ಬಿಲ್ಲನ್ನೂ ಬರೆಯುತ್ತೇನೆ, ಎಮ್ಮೆಯನ್ನೂ ಬರೆಯುತ್ತೇನೆ.
ಮೂಸಕುಂಞಿಯ ಅಂಗಡಿಯಲ್ಲಿ
ತಳದಲ್ಲುಳಿದ ಇನಾಮೆಲ್ ಡಬ್ಬಿ ಅರ್ಧ ಕ್ರಯಕ್ಕೆ,
ಹಾಗಾಗಿ ನನ್ನ ಆಕಾಶ ಯಾರದೋ ಕಿಟಕಿಯ ನೀಲಿ,
ನನ್ನ ಎಮ್ಮೆ ಯಾರದೋ ಗ್ರಿಲ್ಲಿನ ಕಪ್ಪು.
ಕೈ ಮಾತ್ರ ಬಾರದು. ಐದು ಬೆರಳು ಬರೆದರೆ
ಬಾಳೆಯ ಚಿಪ್ಪು.
ಅದಕ್ಕೇ ನನ್ನ ಜನರೆಲ್ಲ
ಕೈ ಬೆನ್ನ ಹಿಂದೆ ಕಟ್ಟಿ, ಇಲ್ಲ ಜೇಬಿನೊಳಗಿಟ್ಟು
ಏನೋ ಕದ್ದವರ ಹಾಗೆ ನಿಂತಿರುತ್ತಾರೆ.

ಫಾದರ್ ಎವುಜಿನ್ ಕರೆಸಿದರು.
"ಲಾದ್ರು, ಧರ್ಮಪಾಠದ ಕೋಣೆಗೆ ಒಂದು ಗೋಪುರ ಬೇಕು.
ಎಲ್ಲರೂ ಒಂದೇ ಮಾತಾಡುತ್ತಿದ್ದ ಕಾಲದ್ದು,
ಮುಗಿಲಿಗೆ ಕಟ್ಟಹೋದದ್ದು, ದೇವರು ಇಳಿದು ಬಂದು
ನಾಲಗೆ ಕಲಸಿ ಚೆದುರಿಸಿದ್ದು. ಮಕ್ಕಳಿಗೆ ಪಾಠ."
ಎಂಟಡಿ ಪ್ಲೈವುಡ್ಡು ಕೊಟ್ಟರು, ಚಹಾ ಕೊಟ್ಟರು.

ಆ ಕಥೆ ಕೊಂಕಣಿಯಲ್ಲಿ ಕೇಳಿದ್ದು,
ಕನ್ನಡದ ಅಕ್ಷರದಲ್ಲಿ ಓದಿದ್ದು.
ನಮ್ಮ ಪ್ರಾರ್ಥನೆಗೆ ಸ್ವಂತ ಲಿಪಿಯಿಲ್ಲ;
ಎರವಲು ಕೊಟ್ಟ ಕನ್ನಡ ವಾಪಸು ಕೇಳಿದ್ದೂ ಇಲ್ಲ.
ಆದರೆ ಅದು ಶಿಕ್ಷೆ ಎಂಬುದು ಎಂದೂ ಗಂಟಲಿಳಿಯಲಿಲ್ಲ.
ಶಿಕ್ಷೆಯಾದರೆ, ದಿನಕ್ಕೆ ನಲವತ್ತು ಗೇಟಿನಲ್ಲಿ
ಅನುಭವಿಸಿ ಸಂಬಳ ಪಡೆಯುತ್ತಿದ್ದೇನೆ.
ಶಿಕ್ಷೆ ಅಂದರೆ ಬೇರೆ: ಆಫೀಸಿನ ಹೊಸ ಫಾರಮು ಹಿಡಿದು
ಎಪ್ಪತ್ತೆಂಟರ ಭಾಗೀರಥಿ ಟೀಚರು, ನನಗೆ ಅ ಆ ತಿದ್ದಿಸಿದವರು,
"ಇದರಲ್ಲಿ ನನ್ನ ಹೆಸರು ಎಲ್ಲುಂಟು, ತೋರಿಸು" ಎಂದದ್ದು.

ಮೂರು ಭಾನುವಾರ ಗೋಪುರ ಬರೆದೆ, ಅಳಿಸಿದೆ.
ಒಮ್ಮೆ ಮೊಬೈಲ್ ಟವರಾಯಿತು, ಒಮ್ಮೆ ನೀರಿನ ಟ್ಯಾಂಕಿ.

ಮತ್ತೊಂದು ಬುಧವಾರ, ನೀರ್ಚಾಲಿನ ಹತ್ತಿರ
ಕೆಂಪುಕಲ್ಲಿನ ಮನೆಯೊಂದು ಏಳುತ್ತಿತ್ತು.
ಮೀಟರಿಗೆ ಕಣ್ಣಿಟ್ಟಿದ್ದೆ.
ಬಂಗಾಳದ ಹುಡುಗ ಅಟ್ಟಣೆಯಿಂದಿಳಿದು
ಒಣಗಿದ ತುಟಿಯಲ್ಲಿ "ಪಾನಿ" ಎಂದ.
ಮೇಸ್ತ್ರಿ ಕುಂಞಂಬುವಿಗೆ ಪನಿ ಎಂದರೆ ಜ್ವರ;
ಕರಣೆ ಕೆಳಗಿಟ್ಟು ಹುಡುಗನ ಹಣೆ ಮುಟ್ಟಿ ನೋಡಿದರು.
ಕಲ್ಲು ಹೊರುವ ಚೋಮುವಿನ ತುಳುವಿನಲ್ಲಿ ಪನಿ ಎಂದರೆ ತುಂತುರು;
ತಲೆಯೆತ್ತಿ ಮೋಡ ಹುಡುಕಿ
ಸಿಮೆಂಟು ಚೀಲಗಳನ್ನು ಒಳಗೆಳೆದಳು.
ನನ್ನೊಳಗೆ ಹಳಗನ್ನಡದ ಪಾಠ ಎದ್ದು ಕೂತಿತು:
ಪನಿ, ಹನಿ. ಹ ಆಗುವ ಮೊದಲಿನ ಪ.
ಹುಡುಗ ಮತ್ತೊಮ್ಮೆ ಹೇಳಲಿಲ್ಲ.
ಹಣೆಯ ಮೇಲಿನ ಆ ಒರಟು ಕೈಯ ಕೆಳಗೆ
ಅರೆಗಳಿಗೆ
ಕಣ್ಣು ಮುಚ್ಚಿಕೊಂಡ.
ಆಮೇಲೆ ಚೋಮುವೇ ಕೊಡಪಾನ ತಂದಳು,
ಯಾರೂ ಅರ್ಥ ಹೇಳದೆ.

ಅದನ್ನೇ ಬರೆದೆ.
ಒಂದು ಹಣೆ, ಒಂದು ಕೈ. ಬಚ್ಚಿಡಲು ಜೇಬಿರಲಿಲ್ಲ.
ಎಡಗೈ ಮುಂದಿಟ್ಟು ನೋಡುತ್ತ ಬಲಗೈಯಲ್ಲಿ ಬರೆದೆ,
ಹನ್ನೊಂದು ರಾತ್ರಿ. ಹೆಬ್ಬೆರಳು ಈಗಲೂ ಸರಿಯಿಲ್ಲ.
ಉಗುರಿನ ಸಂದಿಗೆ ಗಾರೆ ತುಂಬಿದಾಗಷ್ಟೇ
ಅದು ಬಾಳೆಯ ಚಿಪ್ಪಾಗುವುದನ್ನು ಬಿಟ್ಟಿತು.

ಫಾದರ್ ಕನ್ನಡಕ ಏರಿಸಿ, ಇಳಿಸಿ ನೋಡಿದರು.
"ಗೋಪುರ ಎಲ್ಲಿ?"
"ಪಂಚಾಂಗ ಹಾಕಿ ಆಗಿದೆ ಫಾದರ್, ಎದ್ದಿಲ್ಲ."
"ದೇವರು ಇಳಿದು ಬರುವುದು?"
"ನೀಲಿ ಮುಗಿದಿತ್ತು. ಮೇಲಿನದು ಹಾಗೇ ಬಿಟ್ಟೆ."

ಈಗ ಅದು ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಒರಗಿದೆ.
ತೇವಕ್ಕೆ ಪ್ಲೈವುಡ್ಡು ಉಬ್ಬಿ
ಹುಡುಗನ ಹಣೆ ಒಂದಿಷ್ಟು ಊದಿಕೊಂಡಿದೆ.
ಮೊನ್ನೆ ಪುಟ್ಟ ಹುಡುಗಿಯೊಬ್ಬಳು,
ಯಾವ ಭಾಷೆಯಲ್ಲೆಂದು ಈಗ ನೆನಪಿಲ್ಲ,
ಕೇಳಿದಳು: ಅವನಿಗೆ ಜ್ವರವಾ?
ನೀರು ಕೇಳಿದ್ದು ಎನ್ನಬೇಕಿತ್ತು.
ಕೊಡಪಾನದೊಳಗೆ ನೀರನ್ನೇ ಬರೆದಿಲ್ಲ ನಾನು,
ಆ ಬಣ್ಣ ಮೂಸಕುಂಞಿಯಲ್ಲಿಲ್ಲ.
ಹೌದು ಮಗಾ, ಎಂದೆ.
ಸ್ವಲ್ಪ.