ಕೂಗಿನ ಖರ್ಚು

ಬಕ್ಕೇಶಪ್ಪ ಟವೆಲ್ಲಿನ ತುದಿಗೆ ಗಂಟು ಕಟ್ಟಿ ತಂದ
ಹತ್ತಿ ಗೋದಾಮಿನ ಪುಟ್ಟ ಡಬ್ಬಿ.
ಬಿಚ್ಚಿದರೆ ಮೊದಲು ಉದುರಿದ್ದು ನಾಲ್ಕು ಮಂಡಕ್ಕಿ,
ಆಮೇಲೆ ಅದು.
"ಸತ್ತೈತಿ ನೋಡವ್ವ. ಹತ್ತು ತಿಂಗಳು ಬರ್ತೈತಿ ಅಂದಿದ್ದಿ,
ಎಪ್ಪತ್ತು ದಿನಕ್ಕ ಹೋತು."

ಮಂಡಿಪೇಟೆಯ ಓಣಿಯಲ್ಲಿ ನನ್ನ ಅಂಗಡಿ
ಬಾಗಿಲೆಷ್ಟೋ ಅಷ್ಟೇ ಅಗಲ.
ಒಳಗೆ ನಾನು, ಒಂದು ಫ್ಯಾನು,
ಖಲಂದರ್ ಸಾಬರು ಬಿಟ್ಟುಹೋದ ಮೀಟರು.

ಡಬ್ಬಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಚಿಪ್.
ಅದಕ್ಕೆ ಗೊತ್ತಿರುವುದು ಒಂದೇ ಮಾತು,
ನಲವತ್ತೈದು ಡಿಗ್ರಿ ದಾಟಿತೋ, ಇಲ್ಲವೋ.
ಇಷ್ಟಕ್ಕೇ ಹಗಲಿರುಳು ಎದ್ದಿರುತ್ತದೆ
ಬಿಲ್ಲೆಯಂಥ ಒಂದು ಸೆಲ್ ನಂಬಿಕೊಂಡು.

ವೋಲ್ಟು ಅಳೆಯುವುದು ಸುಲಭ,
ಕಟ್ಟೆಯ ಮೇಲೆ ಕೂತು ಬೀದಿ ನೋಡಿದ ಹಾಗೆ.
ಕರೆಂಟು ಹಾಗಲ್ಲ.
ತಂತಿ ಕತ್ತರಿಸಬೇಕು, ಕತ್ತರಿಸಿದ ಸಂದಿಯಲ್ಲಿ
ಮೀಟರೇ ದಾರಿಯಾಗಿ ಮಲಗಬೇಕು.
ಮಲಗಿದ್ದು ಸುಮ್ಮನಿರದು,
ಹಾಯುವವರ ಕಾಲನ್ನು ತುಸು ಎಳೆಯುತ್ತದೆ.
"ಎಣ್ಣೆ ಅಳೆದ ಪಾವಿಗೂ ಎಣ್ಣೆ ಅಂಟ್ತದೆ ಮಗಳೇ,
ಅದನ್ನೂ ಬರ್ಕೋ" ಅನ್ನುತ್ತಿದ್ದರು ಸಾಬರು.
ಬರೆದುಕೊಂಡೆ.

ಹೊಸ ಸೆಲ್ ಹಾಕಿದೆ.
ಮೂವತ್ತು ಮೈಕ್ರೊ ಆಂಪಿಯರ್.
ಕೊನೆಯ ಅಂಕಿ ಮೂವತ್ತೊಂದಕ್ಕೆ ಹೋಗಿ ಬಂದು ತೊದಲುತ್ತದೆ.
ಇಷ್ಟು ಕುಡಿಯುವವನು ಮನೆ ಮುಳುಗಿಸುವವನಲ್ಲ.
ಸೆಲ್ಲಿನ ಮೇಲೆ ಇನ್ನೂರಿಪ್ಪತ್ತು ಎಂದಿದೆ, ಭಾಗಿಸಿದರೆ
ಏಳು ಸಾವಿರದ ಚಿಲ್ಲರೆ ಗಂಟೆ, ಸರಿಯಾಗಿ ಹತ್ತು ತಿಂಗಳು.
ಹಾಗಾದರೆ ಕದ್ದವರು ಯಾರು?

ಕರೆಂಟು ಹೋಯಿತು. ಫ್ಯಾನು ನಿಂತಿತು.
ಎದುರಿನ ಹೋಟೆಲಿನ ಹುಡುಗ ತಂದಿಟ್ಟ ಚಹದ ಲೋಟವನ್ನು
ಕುಡಿಯದೆ ಚಿಪ್ಪಿನ ಬೆನ್ನಿಗೆ ಆನಿಸಿದೆ.
ಎಣಿಸಿದೆ. ಹದಿನಾಲ್ಕಕ್ಕೆ
ಮೀಟರು ಹೌಹಾರಿತು:
ಮುನ್ನೂರ ಮೂವತ್ತು.

ಲೋಟ ತೆಗೆದೆ. ನಲವತ್ತೈದಕ್ಕೆ ಇಳಿದರೂ ಇಳಿಯಲಿಲ್ಲ.
ನಲವತ್ತಕ್ಕೆ ಬಂದ ಮೇಲೇ ಸಮಾಧಾನ.
ಸಿಟ್ಟು ಹತ್ತಿದ ಮೆಟ್ಟಿಲಲ್ಲಿ ಇಳಿಯುವುದಿಲ್ಲ,
ಇದು ನನಗೆ ಮನೆಯಲ್ಲೇ ಗೊತ್ತಿತ್ತು.

ಈಗ ತಿಳಿಯಿತು. ಚಿಪ್ ಕುಡಿದದ್ದಲ್ಲ.
ಕಾವು ಏರಿದಾಗ ಅದು ತನ್ನ ಕೈಯನ್ನು ನೆಲಕ್ಕೆ ಊರುತ್ತದೆ;
ಪಕ್ಕದ ಹತ್ತು ಸಾವಿರ ಓಮಿನ ಕಂದು ಪಟ್ಟೆಯ ರೆಸಿಸ್ಟರಿನಿಂದ
ಮುನ್ನೂರು ಹರಿದು ಹೋಗುತ್ತದೆ.
ಕಾಯುವುದಕ್ಕೆ ಮೂವತ್ತು,
ಕೂಗುವುದಕ್ಕೆ ಅದರ ಹತ್ತು ಪಟ್ಟು.

"ಇದನ್ನ ಎಲ್ಲಿ ಹೊಡದಿದ್ರಿ?"
"ಮ್ಯಾಲೆ, ತಗಡಿನ ಬುಡಕ್ಕ."
"ಗಂಟೆ ಹೊಡೀತಿತ್ತಾ?"
ಬಕ್ಕೇಶಪ್ಪ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡ.
"ದಿನಾ ಹತ್ತೂವರಿಗೆ ಸುರು, ಸಂಜಿ ಆರೂವರಿ ತನಕ.
ತಲಿ ಚಿಟ್ ಹಿಡಿದು ಮ್ಯಾನೇಜರು ವಾರದಾಗ
ಗಂಟಿ ವೈರ್ ಕಿತ್ತು ಒಗದ್ರು."

ಕಿತ್ತದ್ದು ಗಂಟೆಯ ವೈರು.
ಡಬ್ಬಿಗೆ ಯಾರೂ ಹೇಳಿರಲಿಲ್ಲ.
ಮಾಘ ಮುಗಿದು, ಶಿವರಾತ್ರಿ ಕಳೆದು, ಯುಗಾದಿಯ ಬೇವೂ ಒಣಗಿ,
ದಿನಕ್ಕೆ ಎಂಟು ಗಂಟೆ
ಕೇಳುವವರಿಲ್ಲದ ಕಡೆಗೆ
ತನ್ನ ಸೆಲ್ ಸುಟ್ಟುಕೊಂಡು ಹೇಳುತ್ತಲೇ ಇತ್ತು,
ಕಾದಿದೆ, ಕಾದಿದೆ.

ಹತ್ತು ಸಾವಿರ ತೆಗೆದು ಹತ್ತು ಲಕ್ಷದ್ದು ಬೆಸೆದೆ.
ಕೂಗಿಗೆ ಈಗ ಮೂರೇ ಮೈಕ್ರೊ.
"ಮೆತ್ತಗಾತು, ಕೇಳಿಸ್ತೈತಾ?" ಅಂದ ಬಕ್ಕೇಶಪ್ಪ.
ಕೇಳಿಸುತ್ತದೆ, ವೈರು ಜೋಡಿಸಿದರೆ.

ಅವನು ತಣ್ಣಗಾದ ನನ್ನ ಚಹ ನೋಡಿದ,
ಮೀಟರು ನೋಡಿದ.
"ಕಾವು ಇರಾದು ತಗಡಿನಾಗವ್ವ. ಹತ್ತಿ ಕೆಳಗೈತಿ.
ಅಂಡಿಗಿ ನಡುವ ಕೈ ಇಟ್ಟು ನೋಡ್ತೀನಿ ನಾನು,
ರಾತ್ರಿ ಎರಡು ಸಲ.
ಅಲ್ಲೇ ಇಡಬೇಕಿತ್ತು ಇದನ್ನ.
ನನ್ನ ಕೇಳಿದ್ರೆ ಹೇಳ್ತಿದ್ದೆ."

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಅಂಕಿಯೂ ಇತ್ತು.
ಅದನ್ನು ಬರೆಯಲು ಅಂಚಿನಲ್ಲಿ ಜಾಗ ಹುಡುಕಿದೆ.

ಡಬ್ಬಿಯನ್ನು ಮತ್ತೆ ಟವೆಲ್ಲಿಗೆ ಕಟ್ಟಿದ.
ದುಡ್ಡು? ಮ್ಯಾನೇಜರು ಕೊಡುತ್ತಾರಂತೆ.
ಅಶೋಕ ರಸ್ತೆಯ ರೈಲ್ವೆ ಗೇಟು ಹಾಕುವ ಮುಂಚೆ ದಾಟಬೇಕೆಂದು
ಅವಸರದಲ್ಲಿ ಹೊರಟವನ ಸೈಕಲ್ಲಿಗೆ
ಬೆಲ್ ಇರಲಿಲ್ಲ.