ಕಲೆ ಇರುವ ಪುಟ

ಸೊಹಾರಿನ ಜೂನ್. ಮಧ್ಯಾಹ್ನದ ರಸ್ತೆಯಲ್ಲಿ
ಬೆಕ್ಕು ಸಹ ಕಾರಿನ ಅಡಿಯಿಂದ ಈಚೆ ಬರುವುದಿಲ್ಲ.
ಮೊದಲ ದಿನ ನಾನು ಲೈಬ್ರರಿಯ ಒಳಗೆ ಹೋದದ್ದು
ಪುಸ್ತಕಕ್ಕಲ್ಲ, ತಂಪಿಗೆ.
ಸುಳ್ಳೇಕೆ ಹೇಳಲಿ.

ಮೇಜಿನಾಚೆ ಜುವೈನಾ. ಕಾರ್ಡು ಬರೆದಳು.
ಅರಬ್ಬಿಯಲ್ಲಿ ‘ಪ’ ಇಲ್ಲ.
ಗಂಗೊಳ್ಳಿಯ ಪುಷ್ಪಲತಾ
ಎರಡೇ ನಿಮಿಷದಲ್ಲಿ ಬುಷ್ಬಲತಾ ಆದಳು.
ಇರಲಿ. ಬುಷ್ಬಲತಾಳಿಗೆ ಮೂರು ಪುಸ್ತಕ,
ಹದಿನಾಲ್ಕು ದಿನ, ಬಿಟ್ಟಿ.
ಪುಷ್ಪಲತಾಳಿಗೆ ಯಾರೂ ಇಷ್ಟು ಕೊಟ್ಟ ನೆನಪಿಲ್ಲ.

ಕಲೆ, ಕೈಕೆಲಸದ ಕಪಾಟು ಕಿಟಕಿಯ ಪಕ್ಕ.
ನಲವತ್ತೇಳು ಡಿಗ್ರಿ ಬಿಸಿಲು
ಗಾಜಿಗೆ ಹಣೆ ಹಚ್ಚಿ ನೋಡುತ್ತದೆ:
ಒಳಗೆ ಉಣ್ಣೆಯ ಟೊಪ್ಪಿ, ಕಾಲುಚೀಲ, ಜಿಂಕೆಯ ಸ್ವೆಟರು.
ಕಾಗದ ಮಡಚುವ ಪುಸ್ತಕದಲ್ಲಿ
ಯಾವ ಮಗುವೋ ಕಪ್ಪೆಯ ಪುಟವನ್ನೇ ಕಿತ್ತು
ಕಪ್ಪೆ ಮಾಡಿಕೊಂಡು ಹೋಗಿದೆ.

ಸಿನಿಮಾ ನೋಡಲು ಮೂಲೆಯಲ್ಲಿ ಎರಡು ಕುರ್ಚಿ.
ಪಕ್ಕದಲ್ಲಿ ರೋವೆನಾ,
ಯಾರದೋ ಮಕ್ಕಳನ್ನು ಓದಲು ಬಿಟ್ಟು ಕಾಯುವವಳು.
ಪರದೆಯ ಮಾತು ಯಾವ ದೇಶದ್ದೋ,
ಕೆಳಗೆ ಓಡುವ ಅಕ್ಷರ ಅರಬ್ಬಿ.
ಮುದುಕನೊಬ್ಬ ಸೈಕಲ್ಲನ್ನು ಮೂರನೆಯ ಮಹಡಿಗೆ ಹೊತ್ತು
ಬೀಗದ ಕೈ ಕೆಳಗೇ ಮರೆತ.
ಒಟ್ಟಿಗೆ ನಕ್ಕೆವು.
ಅವನ ಹೆಂಡತಿ ಸೂಟ್‌ಕೇಸು ಮುಚ್ಚುವಾಗ
ರೋವೆನಾ ಅತ್ತಳು, ನಾನು ಅಳಲಿಲ್ಲ.
ಯಾಕೆಂದು ಕೇಳಲು ನಮ್ಮಲ್ಲಿ ಅಷ್ಟು ಭಾಷೆ ಇಲ್ಲ.

ಬೇಕಿಂಗ್ ಪುಸ್ತಕ ಮಾತ್ರ ಭಾರ,
ಹಲಸಿನಹಣ್ಣಿನ ಹಾಗೆ ಸೊಂಟಕ್ಕೆ ಆನಿಸಿ ತರಬೇಕು.
ನಮ್ಮದು ಒಂದು ಕೋಣೆ, ಒಂದೂವರೆ ಒಲೆ.
ಆ ಅರ್ಧ, ತನಗೆ ಮನಸ್ಸಾದರೆ ಹತ್ತುತ್ತದೆ.
ಓವನ್ ಇಲ್ಲ. ಆದರೂ ರಾತ್ರಿ,
ಇವರು ಬಂದರಿನ ಪಾಳಿಗೆ ಹೋದ ಮೇಲೆ,
ಓದುತ್ತೇನೆ: ನೂರ ಎಂಬತ್ತು ಡಿಗ್ರಿ, ಮೂವತ್ತೈದು ನಿಮಿಷ,
ಚುಚ್ಚಿದ ಕಡ್ಡಿ ಒಣಗಿ ಬರಬೇಕು.
ನನ್ನ ಇಂಗ್ಲಿಷು ಎಂಟನೆಯ ಕ್ಲಾಸಿನದು.
ಪದ ತಿಳಿಯದಿದ್ದರೆ ಚಿತ್ರ ನೋಡುತ್ತೇನೆ,
ಚಿತ್ರವೂ ಬಾಯಿ ಬಿಡದಿದ್ದರೆ ಕಲೆ.

ಕಪಾಟಿನ ಚೀಟಿಯ ಕಲೆ ಅಲ್ಲ, ಬೆಣ್ಣೆಯದು.
ಶುಭ್ರ ಪುಟವನ್ನು ನಂಬಬಾರದು,
ಅದನ್ನು ಯಾರೂ ಮಾಡಿ ನೋಡಿಲ್ಲ.
ಎಪ್ಪತ್ತೊಂದನೆಯ ಪುಟ ಜಿಡ್ಡು ಹತ್ತಿ ಗಾಜಾಗಿದೆ,
ಹಿಂಬದಿಯ ಮೊಟ್ಟೆ ಈಚೆ ಕಾಣುತ್ತದೆ.
ಮೂಲೆಯಲ್ಲಿ ಕೋಕೋದ ಹೆಬ್ಬೆಟ್ಟು,
ಅದರ ಪಕ್ಕ ಒಂದು ಪುಟ್ಟ ಬೆರಳು.
ಖರ್ಜೂರದ ಕೇಕು. ಯಾರ ಮನೆಯದೋ.
ಚೆನ್ನಾಗಿಯೇ ಆಗಿರಬೇಕು.

ಕುಕ್ಕರಿಗೆ ಮರಳು ಹಾಕಿ ಬೇಯಿಸಬಹುದೆಂದು
ಊರಿನ ಟೈಲರ್ ಸೆಲಿನಾ ಬಾಯಿ ಹೇಳಿದ್ದು ನೆನಪಾಯಿತು.
ಮರಳಿಗೆ ಇಲ್ಲೇನು ಬರ?
ಚಪ್ಪಲಿ ಕೊಡವಿದರೆ ಒಂದು ಹಿಡಿ.
ಕಟ್ಟಡದ ಹಿಂದಿನ ಖಾಲಿ ಜಾಗದ್ದು ತಂದು
ಮೂರು ನೀರಲ್ಲಿ ತೊಳೆದು ಹರವಿದೆ.
ಈ ಬಿಸಿಲಿಗೆ ಮೊದಲ ಸಲ ಒಂದು ಕೆಲಸ ಹೇಳಿದೆ,
ಹತ್ತೇ ನಿಮಿಷದಲ್ಲಿ ಮುಗಿಸಿಕೊಟ್ಟಿತು.
ವಿಸಿಲ್ ತೆಗೆದೆ. ರಬ್ಬರ್ ತೆಗೆದೆ.
ಏಲಕ್ಕಿ ಪುಸ್ತಕದಲ್ಲಿ ಇರಲಿಲ್ಲ,
ಅದು ನನ್ನದು.

ಒಂದು ಬದಿ ಸೀದಿತು. ನಡುವೆ ತಗ್ಗು.
ಬೆಳಿಗ್ಗೆ ಇವರು, ಹಣೆಯಲ್ಲಿ ಹೆಲ್ಮೆಟ್ಟಿನ ಗೆರೆ ಹಾಗೇ ಇರುವಾಗ,
ನಿಂತುಕೊಂಡೇ ಮೂರು ತುಂಡು ತಿಂದು
“ಇದಕ್ಕೆ ಏನನ್ನುತ್ತಾರೆ?” ಎಂದರು.
ಪುಟ ತೋರಿಸಲು ಹೋದೆ. ಬೆರಳಲ್ಲಿ ಅಂಟು.
ಹಳೆಯ ಕಲೆಯ ಪಕ್ಕದಲ್ಲೇ ಹೊಸದೊಂದು.

ಹದಿನಾಲ್ಕನೆಯ ದಿನ, ದಂಡಕ್ಕೆಂದು
ಬೈಸಾ ಚಿಲ್ಲರೆ ಮುಷ್ಟಿಯಲ್ಲಿ ಬೆವರುತ್ತಿರಲು,
ಪುಸ್ತಕ ಇಟ್ಟೆ.
ಜುವೈನಾ ಪುಟ ಹೊರಳಿಸಿದಳು. ನಿಂತಳು.
ಕಲೆಯನ್ನು ಮೂಗಿನ ಹತ್ತಿರ ತಂದು, ಕಣ್ಣರಳಿಸಿ,
“ಹೇಲ್?” ಎಂದಳು.

ಅರಬ್ಬಿಯಲ್ಲಿ ಅದು ಏಲಕ್ಕಿ.
ಕನ್ನಡದಲ್ಲಿ ಏನೆಂದು
ಯಾವ ಬಾಯಲ್ಲಿ ಹೇಳಲಿ!
‘ಮೌನವಾಗಿರಿ’ ಎಂಬ ಹಲಗೆಯ ಕೆಳಗೆ
ವೇಲು ಬಾಯಿಗೆ ತುರುಕಿ ನಕ್ಕೆ, ನಕ್ಕೆ,
ಯಾಕೆಂದು ತಿಳಿಯದೆ ಅವಳೂ.
ದಂಡ ಬರೆಯಲಿಲ್ಲ. ಅದೇ ಪುಸ್ತಕಕ್ಕೆ
ಮತ್ತೆ ಮುದ್ರೆ ಒತ್ತಿ ನನ್ನತ್ತ ಸರಿಸಿ,
ಹೆಬ್ಬೆರಳು ತೋರುಬೆರಳ ನಡುವೆ
ತನಗೆ ಬೇಕಾದ ತುಂಡಿನ ಅಗಲ ತೋರಿಸಿದಳು.
ಸಣ್ಣದೇನಲ್ಲ.