ಓತಿಯಾನ ಬಾಕಿ

ಚಿಲ್ಲರೆ ನುಂಗದೆ ಮೇಲೇರದು ಟಿಬಿಲಿಸಿಯ ಆ ಲಿಫ್ಟು.
ಜೇಬಿನಲ್ಲಿ ಬರೀ ನೋಟು. ಹಾಸಿಗೆಯನ್ನು ಮೆಟ್ಟಿಲಲ್ಲೇ ಹೊತ್ತು
ಆರನೇ ಮಹಡಿಗೆ ಬಂದಳು ನಾತೇಲಾ.
ಬಾಗಿಲ ಸಂದಿಯಲ್ಲಿ ಕರೆಂಟು ಬಿಲ್ಲು
ಅವಳಿಗಿಂತ ಮೊದಲೇ ಬಂದು ಕೂತಿತ್ತು.
ಹೆಸರು: ಓತಿಯಾ. ಬಾಕಿ: ಐವತ್ತೆರಡು ಲಾರಿ.
(ಲಾರಿಯೆಂದರೆ ಅಲ್ಲಿ ದುಡ್ಡು. ಹೊರೆ ಮಾತ್ರ ಅದೇ.)

ಉಂಡವನು ಅವನು, ಎಲೆ ಎತ್ತುವವಳು ನಾನೇ
ಎಂದು ಮನೆ ಮಾಲೀಕನಿಗೆ ಫೋನು.
ಓತಿಯಾ ಮಾರ್ಚಿನಲ್ಲೇ ತೀರಿಕೊಂಡ, ಎಂದ ಆತ.
ಬಿಲ್ಲು ತೀರಿರಲಿಲ್ಲ.

ಕಚೇರಿಯ ಕಿಟಕಿಯಾಚೆ ಹುಡುಗಿ ಕೇಳಿದಳು
ಮೀಟರಿನ ಫೋಟೊ, ಬಾಡಿಗೆ ಕರಾರು,
ಹಳೆಯ ಗ್ರಾಹಕನ ಸಹಿ.
ಸತ್ತವನ ಸಹಿ ಎಲ್ಲಿಂದ ತರಲಿ?
ಹುಡುಗಿ ತಲೆಯೆತ್ತಲಿಲ್ಲ. ವರ್ಷದ ಲೆಕ್ಕ ಅಚ್ಚು ಹಾಕಿ
ಸಂದಿಯಿಂದ ತಳ್ಳಿದಳು.

ಬಸ್ಸಿನಲ್ಲಿ ನಿಂತೇ ಓದಿದಳು ನಾತೇಲಾ:
ತಿಂಗಳಿಗೆ ಹನ್ನೊಂದು, ಹನ್ನೆರಡು, ಮತ್ತೆ ಹನ್ನೊಂದು ಯೂನಿಟ್ಟು.
ಒಂದು ಬಲ್ಬು, ಒಂದು ರೇಡಿಯೋ ಇದ್ದೀತು,
ಫ್ರಿಜ್ಜು ಇದ್ದಿರಲಿಕ್ಕಿಲ್ಲ.
ಫೆಬ್ರವರಿಯಲ್ಲಿ ಮಾತ್ರ
ಇನ್ನೂರ ನಾಲ್ಕು.

ಯಾರು ಬಂದಿದ್ದರು?
ತನ್ನ ಚಳಿಗೆ ಕೋಟನ್ನಷ್ಟೇ ಹೊದ್ದ ಮನುಷ್ಯ
ಯಾರಿಗೆಂದು ಇರುಳಿಡೀ ಹೀಟರು ಉರಿಸಿದ?

ಎದುರು ಮನೆಯ ತ್ಸಿಯಾಲಾ
ಬೀಟ್‌ರೂಟು ಹೆಚ್ಚುತ್ತಿದ್ದವಳು, ಕೆಂಪು ಕೈಯ ಬೆರಳೆಲ್ಲ ಬಿಡಿಸಿ,
ಐದು, ಎಂದಳು.
ಬೆಕ್ಕು ಮರಿ ಹಾಕಿತ್ತು.

ಐವತ್ತೆರಡನ್ನೂ ಕಟ್ಟಿದಳು, ಬೈಯುತ್ತಲೇ,
ಅದೂ ಎರಡು ಕಂತಿನಲ್ಲಿ.
ಹೆಸರು ಬದಲಿಸುವ ಅರ್ಜಿ
ಅವಳ ಹೊಸ ಫ್ರಿಜ್ಜಿನ ಮೇಲೆ ಬಿದ್ದಿದೆ ಇನ್ನೂ.
ಬೆಚ್ಚಗಿರುತ್ತದೆ ಆ ಜಾಗ.
ಅರ್ಜಿಯ ಮೇಲೆ ಬೂದು ಬಣ್ಣದ್ದೊಂದು
ಮಲಗಿರುತ್ತದೆ, ಎಬ್ಬಿಸುವುದು ಹೇಗೆ?